ವಿಷಯಕ್ಕೆ ಬನ್ನಿ ಸ್ವಾಮಿ

ಕಳೆದ ನವೆಂಬರಿನಲ್ಲಿ ಅಪ್ಪನಿಗೆ ಬ್ಯಾಂಕಿನಿಂದ ಒಂದು ಕಾಗದ ಬಂತು. ಒಂದೂವರೆ ಪುಟ, ಕನ್ನಡದಲ್ಲೇ ಇತ್ತು. ಅಪ್ಪ ಕನ್ನಡಕ ಹಾಕ್ಕೊಂಡು ಓದಿದರು, ಇನ್ನೊಂದು ಸಲ ಓದಿದರು, ಆಮೇಲೆ ನನಗೆ ಫೋನ್ ಮಾಡಿದರು. "ಬ್ಯಾಂಕಿನೋರು ಏನೋ ಬರ್ದಿದಾರೆ ಕಣೋ. ಮಾನ್ಯ ಪಿಂಚಣಿದಾರರೇ ಅಂತ ಶುರು ಮಾಡಿ, ಡಿಜಿಟಲ್ ಕ್ರಾಂತಿ, ಗ್ರಾಹಕ ಸೇವೆ, ಅದೂ ಇದೂ ಅಂತ ಇದೆ. ಅಭಿನಂದನೆ ಪತ್ರ ಇರಬೇಕು." ನಾನು ಮೀಟಿಂಗಿನಲ್ಲಿದ್ದೆ. "ಇಟ್ಟಿರಿ ಅಪ್ಪ, ಬಂದಾಗ ನೋಡ್ತೀನಿ" ಅಂದೆ. ಅವರು ಅದನ್ನು ಮಡಿಚಿ ಪಂಚಾಂಗದೊಳಗೆ ಇಟ್ಟರು.

ಡಿಸೆಂಬರಿನ ಪಿಂಚಣಿ ಬರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು. ಅಪ್ಪ ಹತ್ತು ದಿನದಿಂದ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ತಗೊಳ್ತಿದ್ದಾರೆ, ದುಡ್ಡು ಬರೋತನಕ ಇರೋದನ್ನೇ ಎಳೆಯೋಣ ಅಂತ. ಮಗನ ಹತ್ತಿರ ಕೇಳೋಕೆ ಸಂಕೋಚ. ಆಗ ನಾನು ಪಂಚಾಂಗ ತೆಗೆದು ಕಾಗದ ಓದಿದೆ. ನವೆಂಬರ್ ಮುಗಿಯುವುದರೊಳಗೆ ಲೈಫ್ ಸರ್ಟಿಫಿಕೇಟ್ ಕೊಡಬೇಕು, ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ ಅನ್ನೋದು ಅದರಲ್ಲಿ ಇತ್ತು. ಎರಡನೇ ಪುಟದಲ್ಲಿ, ಮೇಲಿನಿಂದ ಮೂರನೇ ಸಾಲಿನ ನಡುವೆ.

ಪ್ರತಿ ವರ್ಷವೂ ನವೆಂಬರಿನಲ್ಲಿ ಕೊಡೋದೇ ತಾನೇ, ಅವರಿಗೆ ಗೊತ್ತಿರಲಿಲ್ವಾ ಅಂತ ನೀವು ಕೇಳಬಹುದು. ಗೊತ್ತಿತ್ತು. ಹಿಂದಿನ ವರ್ಷ ನಾನೇ ಅವರ ಬೆರಳಚ್ಚು ಕೊಡಿಸಿ ಆನ್‌ಲೈನಿನಲ್ಲಿ ಮಾಡಿಸಿದ್ದೆ. "ಆನ್‌ಲೈನ್ ಆದ್ಮೇಲೆ ಅದು ತಾನಾಗೇ ಆಗುತ್ತೆ ಅನ್ಕೊಂಡೆ" ಅಂದರು. ಆ ತಪ್ಪು ತಿಳಿವಳಿಕೆಯನ್ನು ಸರಿಪಡಿಸಲೆಂದೇ ಬ್ಯಾಂಕು ಕಾಗದ ಕಳಿಸಿದ್ದು. ಕಾಗದ ಆ ಕೆಲಸವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮಾಡಿತು.

ಈ ಬ್ಲಾಗಿನಲ್ಲಿ ಸಾಮಾನ್ಯವಾಗಿ ಕಥೆ, ಕಾದಂಬರಿ, ಸಿನಿಮಾ ಅಂತ ವಿಮರ್ಶೆ ಬರೀತೀನಿ. ಈ ಸಲ ಬ್ಯಾಂಕಿನ ಕಾಗದವನ್ನೇ ಇಟ್ಟುಕೊಂಡು ಕೂರೋಣ ಅನ್ನಿಸಿತು. ವರ್ಷಕ್ಕೆ ನಾವು ಓದುವ ಕಾದಂಬರಿ ಎಷ್ಟು? ನಾನು ನಾಲ್ಕೋ ಐದೋ. ಓದುವ ಮೇಲ್, ನೋಟಿಸ್, ಸುತ್ತೋಲೆ, ಅಪಾರ್ಟ್‌ಮೆಂಟ್ ಗ್ರೂಪಿನ ಮೆಸೇಜು? ಅವನ್ನು ಯಾರೂ ವಿಮರ್ಶೆ ಮಾಡಲ್ಲ.

ಕಾಗದದ ಮೊದಲ ವಾಕ್ಯವನ್ನು ಎಣಿಸಿದೆ. ನಲವತ್ತೊಂದು ಪದ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಅಂತ ಹೊರಟು, ಬ್ಯಾಂಕಿನ ಸೇವಾ ಬದ್ಧತೆ, ತಂತ್ರಜ್ಞಾನ, ಹಿರಿಯ ನಾಗರಿಕರ ಅನುಕೂಲ ಎಲ್ಲವನ್ನೂ ಬಳಸಿಕೊಂಡು ಬರುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ ಅಂತಾರಲ್ಲ, ಇದು ಮೈಲಾರಕ್ಕೂ ಬರಲ್ಲ. "ಮೇಲ್ಕಂಡ ವಿಷಯ" ಏನು ಅಂತ ಮೇಲೆ ನೋಡಿದರೆ, "ವಿಷಯ: ಪಿಂಚಣಿದಾರರ ಅಸ್ತಿತ್ವ ದೃಢೀಕರಣ ಕುರಿತು." ಅಸ್ತಿತ್ವ! ಅಪ್ಪ ಹೇಳಿದ್ದು: "ಅಸ್ತಿತ್ವ ಅಂದ್ರೆ ಆ ನವ್ಯದೋರು ಬರೀತಿದ್ರಲ್ಲ, ಅಂಥದ್ದೇನೋ ಅನ್ಕೊಂಡೆ." ಬ್ಯಾಂಕಿನ ಕೌಂಟರಿನಲ್ಲಿ ಕೂತವರೂ ಅದನ್ನು ಲೈಫ್ ಸರ್ಟಿಫಿಕೇಟ್ ಅಂತಲೇ ಕರೆಯೋದು. ಅಪ್ಪನ ವಯಸ್ಸಿನ ಎಲ್ಲರೂ ಹಾಗೇ ಕರೆಯೋದು. ಬರೆಯೋಕೆ ಕೂತಾಗ ಮಾತ್ರ ಅದು ನಾಲಿಗೆಯ ಮೇಲಿನ ಹೆಸರನ್ನು ಬಿಟ್ಟು ಶಾಲು ಹೊದ್ದುಕೊಂಡಿತು.

ಇನ್ನು ಆ ಎರಡನೇ ಪುಟದ ವಾಕ್ಯ. "ನಿಗದಿತ ಅವಧಿಯೊಳಗೆ ಸದರಿ ದೃಢೀಕರಣವು ಸಲ್ಲಿಕೆಯಾಗದ ಪಕ್ಷದಲ್ಲಿ ಪಿಂಚಣಿ ಪಾವತಿಯು ಸ್ಥಗಿತಗೊಳಿಸಲ್ಪಡಬಹುದಾಗಿರುತ್ತದೆ." ಕೊನೆಯ ಪದವನ್ನು ಒಮ್ಮೆ ಗಟ್ಟಿಯಾಗಿ ಓದಿ. ಯಾರು ಸ್ಥಗಿತ ಮಾಡ್ತಾರೆ? ಗೊತ್ತಿಲ್ಲ. ಮಾಡೇ ಮಾಡ್ತಾರಾ? "ಬಹುದು." ಯಾವತ್ತಿನಿಂದ? ಇಲ್ಲ. ಪದ ಮಾತ್ರ ಗೂಡ್ಸ್ ಗಾಡಿಯಷ್ಟು ಉದ್ದ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಇದು ನಮ್ಮ ಭಾಷೆಯ ಗುಣ, ದೋಷ ಅಲ್ಲ. ಆದರೆ ಅದರ ಪರಿಣಾಮ ಒಂದಿದೆ: ವಾಕ್ಯ ಉದ್ದವಾದಷ್ಟೂ "ಏನು ಮಾಡಬೇಕು" ಅನ್ನೋದು ದೂರ ಹೋಗುತ್ತೆ. ಓದುವವನು ಅಲ್ಲಿತನಕ ಎಲ್ಲ ಸಾಮಾನನ್ನೂ ತಲೆ ಮೇಲೆ ಹೊತ್ತುಕೊಂಡು ನಡೀಬೇಕು. ಇಂಗ್ಲಿಷಿನಲ್ಲಿ "ಸಬ್ಮಿಟ್" ಅನ್ನೋದು ಮೊದಲೇ ಬಂದು, ಬಾಲ ಆಮೇಲೆ ಬೆಳೆಯಬಹುದು. ಆ ವಾಕ್ಯವನ್ನು ಹಾಗೇ ಎತ್ತಿ ಕನ್ನಡಕ್ಕೆ ತಂದರೆ ಬಾಲವೆಲ್ಲ ಮುಂದಕ್ಕೆ ಬಂದು, ತಲೆ ಹಿಂದೆ ಸಿಕ್ಕಿಹಾಕಿಕೊಳ್ಳುತ್ತೆ. ನಮ್ಮ ಸರ್ಕಾರಿ ಕಾಗದ, ಆ್ಯಪ್‌ಗಳ ಷರತ್ತು, ವಿಮೆ ಪಾಲಿಸಿಯ ಕನ್ನಡ ಓದೋಕೆ ಆಗದಿರುವುದಕ್ಕೆ ಸಂಸ್ಕೃತ ಪದಗಳಿಗಿಂತ ಇದೇ ದೊಡ್ಡ ಕಾರಣ ಅಂತ ನನ್ನ ಲೆಕ್ಕ. ಬಾಯಿಮಾತಿನ ಕನ್ನಡ ಇಂಥ ಕಡೆ ಜಾಣ. ಅದು ವಾಕ್ಯ ಮುರಿಯುತ್ತೆ. "ಲೈಫ್ ಸರ್ಟಿಫಿಕೇಟ್ ಕೊಡಿ. ನವೆಂಬರ್ 30ರೊಳಗೆ ಕೊಡಿ. ಇಲ್ಲದಿದ್ರೆ ಡಿಸೆಂಬರಿಂದ ಪಿಂಚಣಿ ಬರಲ್ಲ." ಅಪ್ಪನಿಗೆ ಬೇಕಾಗಿದ್ದದ್ದು ಇಷ್ಟೇ. ಟಿವಿಯಲ್ಲಿ ಯಾರೋ ಹಕಾರ ತಪ್ಪಿದರೆ ನಾವು ಕ್ಲಿಪ್ ಮಾಡಿ ಹಂಚಿ ನಗ್ತೀವಿ. ಒಂದೂವರೆ ಪುಟ ವ್ಯಾಕರಣಶುದ್ಧವಾಗಿ ಬರೆದು ಏನನ್ನೂ ಹೇಳದಿದ್ದರೆ ಯಾರೂ ನಗಲ್ಲ.

ಇದರಲ್ಲಿ ವ್ಯಂಗ್ಯ ಏನು ಗೊತ್ತಾ? ಅಪ್ಪ ಮೂವತ್ತೆರಡು ವರ್ಷ ಅಂಚೆ ಇಲಾಖೆಯಲ್ಲಿದ್ದವರು. ಓದು ಬಾರದವರಿಗೆ ಕಾಗದ ಓದಿ ಹೇಳೋದು, ಬರೆದುಕೊಡೋದು ಎರಡನ್ನೂ ಮಾಡಿದವರು. ಟೆಲಿಗ್ರಾಂ ಕೂಡ ಅವರ ಕೌಂಟರಿನಲ್ಲೇ. 2013ರ ಜುಲೈನಲ್ಲಿ ದೇಶದಲ್ಲಿ ತಂತಿ ಸೇವೆ ನಿಲ್ಲಿಸಿದಾಗ ಅವರು ಒಂದು ದಿನ ಮಂಕಾಗಿದ್ದರು. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಬಂದವರು ತಮ್ಮ ಕಥೆ ಪೂರ್ತಿ ಹೇಳಿಕೊಂಡ ಮೇಲೆ ಅಪ್ಪ ಒಂದೇ ಪ್ರಶ್ನೆ ಕೇಳ್ತಿದ್ದರಂತೆ: "ಅವನು ಇದನ್ನ ಓದಿ ಏನು ಮಾಡ್ಬೇಕು?" ಊರಿಗೆ ಬರಬೇಕಾ, ದುಡ್ಡು ಕಳಿಸಬೇಕಾ, ಬರೀ ತಿಳ್ಕೊಂಡ್ರೆ ಸಾಕಾ? ಅದು ಗೊತ್ತಾದರೆ ತಂತಿ ತಾನಾಗೇ ಆಗ್ತಿತ್ತು. ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ. ನಾಲ್ಕು ಪದ. ಯಾರಿಗೆ ಏನಾಗಿದೆ, ನೀನೇನು ಮಾಡಬೇಕು, ಯಾವಾಗ ಮಾಡಬೇಕು. ಇವತ್ತಿನ ಎಷ್ಟು ಮೇಲ್‌ಗಳಲ್ಲಿ ಈ ಮೂರೂ ಇರುತ್ತೆ ಹೇಳಿ.

ನನಗೆ ಸಿಟ್ಟು ಬಂತು. ಲ್ಯಾಪ್‌ಟಾಪ್ ತೆಗೆದು ಬ್ಯಾಂಕಿಗೆ ದೂರು ಬರೆಯೋಕೆ ಕೂತೆ. ಸಿಟ್ಟಿನಲ್ಲಿ ಬರವಣಿಗೆ ಚೆನ್ನಾಗಿ ಓಡುತ್ತೆ, ಒಂದು ಪುಟ ಆಯ್ತು. ಅಪ್ಪ ಓದಿ, ಕನ್ನಡಕ ತೆಗೆದು, "ಚೆನ್ನಾಗಿದೆ. ಆದ್ರೆ ಅವರು ಇದನ್ನ ಓದಿ ಏನು ಮಾಡ್ಬೇಕು ಅಂತ ಎಲ್ಲಿದೆ?" ಅಂದರು. ಕೊನೇ ಪ್ಯಾರಾದಲ್ಲಿತ್ತು. ಕೊನೇ ಪ್ಯಾರಾದ ಕೊನೇ ವಾಕ್ಯದಲ್ಲಿ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಇದೇ ತರಹದ ಇನ್ನೊಂದು ಬರಹ ನೆನಪಾಯ್ತು. ಅದರ ಕರ್ತೃ ನಾನೇ.

ಹಿಂದಿನ ಅಕ್ಟೋಬರಿನದು. ನಮ್ಮ ಕಂಪನಿಯ ಒಂದು ಸರ್ವಿಸಿನ ಸರ್ಟಿಫಿಕೇಟಿನ ಅವಧಿ ಒಂದು ಶನಿವಾರ ರಾತ್ರಿ ಮುಗಿಯುವುದಿತ್ತು. (ಹೌದು, ಇಲ್ಲೂ ಸರ್ಟಿಫಿಕೇಟೇ. ಸಾಫ್ಟ್‌ವೇರಿನವರಿಗೆ ಗೊತ್ತಿರುತ್ತೆ: ಸರ್ವರ್ ತಾನು ಯಾರು ಅಂತ ಸಾಬೀತು ಮಾಡೋಕೆ ಇಟ್ಟುಕೊಳ್ಳೋ ಗುರುತಿನ ಚೀಟಿ ಅದು. ಅವಧಿ ಮುಗಿದರೆ ಬೇರೆ ಸಿಸ್ಟಮ್‌ಗಳು ಅದರ ಜತೆ ಮಾತು ಬಿಡ್ತವೆ.) ಅದು ನನ್ನ ಗಮನಕ್ಕೆ ಬಂದದ್ದು ಬುಧವಾರ. ಗುರುವಾರ ವಾರದ ವರದಿಯ ಮೇಲ್ ಕಳಿಸಿದೆ. ಏಳು ಪ್ಯಾರಾ. ಶುರುವಿನಲ್ಲಿ ಎಲ್ಲರೂ ಕ್ಷೇಮ ಎಂದು ಭಾವಿಸುತ್ತೇನೆ ಅನ್ನೋ ಅರ್ಥದ ಇಂಗ್ಲಿಷ್ ಸಾಲು. ಆಮೇಲೆ ಮುಗಿಸಿದ ಕೆಲಸಗಳ ಪಟ್ಟಿ. ಐದನೇ ಪ್ಯಾರಾದಲ್ಲಿ, ಸರ್ಟಿಫಿಕೇಟ್ ನವೀಕರಣದ ಕಡೆಗೂ ಒಮ್ಮೆ ಗಮನ ಹರಿಸುವುದು ಒಳ್ಳೆಯದು ಅಂತ ಒಂದು ವಾಕ್ಯ. ಯಾರು ಗಮನ ಹರಿಸಬೇಕು, ಯಾವತ್ತಿನೊಳಗೆ, ಹರಿಸದಿದ್ದರೆ ಏನಾಗುತ್ತೆ, ಒಂದೂ ಇಲ್ಲ. ಮೇಲ್ ಹೋದದ್ದು ಹನ್ನೊಂದು ಜನಕ್ಕೆ.

ಶನಿವಾರ ರಾತ್ರಿ ಸರ್ವಿಸ್ ಬಿತ್ತು. ನಾಲ್ಕು ಗಂಟೆ ಬಿದ್ದೇ ಇತ್ತು. ಅವತ್ತು ಆನ್-ಕಾಲ್ ಇದ್ದವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಹುಡುಗಿ, ಕಲಬುರಗಿಯವಳು. ಸೋಮವಾರದ ಮೀಟಿಂಗಿನಲ್ಲಿ ಮೇಲಿನವರು ಅವಳನ್ನು ಕೇಳಿದರು: "ಈ ಮೇಲ್ ನಿನಗೂ ಬಂದಿತ್ತಲ್ವಾ? ಓದಲಿಲ್ವಾ?" ಅವಳು ಸ್ಕ್ರೀನಿನ ಮೇಲೆ ಹಾಕಿದ್ದ ನನ್ನ ಮೇಲನ್ನೇ ನೋಡುತ್ತಾ ಸುಮ್ಮನೆ ಕೂತಳು. ನಾನೂ ಸುಮ್ಮನೆ ಕೂತೆ. ಐದನೇ ಪ್ಯಾರಾ ನನ್ನನ್ನು ಕಾಪಾಡುತ್ತಿತ್ತು.

ಕಮ್ಯುನಿಕೇಷನ್ ಸ್ಕಿಲ್ಸ್ ಹೆಸರಿನಲ್ಲಿ ನಮಗೆ ಕಲಿಸೋದರ ಬಗ್ಗೆ ನನ್ನ ತಕರಾರು ಇಲ್ಲೇ ಇರೋದು. ನಮ್ಮ ಆಫೀಸಿನಲ್ಲೂ ಎರಡು ದಿನದ ತರಬೇತಿ ಆಗಿದೆ, ಊಟ ಚೆನ್ನಾಗಿತ್ತು. "ರಿವರ್ಟ್ ಬ್ಯಾಕ್" ಅನ್ನಬೇಡಿ, "ಡೂ ದ ನೀಡ್‌ಫುಲ್" ಹಳೇದಾಯ್ತು, ಟೀಕೆಯನ್ನು ಎರಡು ಹೊಗಳಿಕೆಗಳ ಮಧ್ಯೆ ಇಡಿ, ನೆನಪಿಸುವಾಗ "ಜೆಂಟಲ್ ರಿಮೈಂಡರ್" ಅನ್ನಿ. ಇದೆಲ್ಲ ನಮ್ಮ ಕೆಟ್ಟ ಬರವಣಿಗೆಗೆ ಕಾರಣ ನಮಗೆ ಬರೆಯೋಕೆ ಬಾರದಿರೋದು ಅಂತ ನಂಬಿಕೊಂಡು ಕಲಿಸೋ ಪಾಠ. ನನಗೆ ಬರೆಯೋಕೆ ಬರುತ್ತೆ ಸ್ವಾಮಿ. ಹತ್ತು ವರ್ಷದಿಂದ ಬ್ಲಾಗ್ ಬರೀತಿದೀನಿ. ಆ ಐದನೇ ಪ್ಯಾರಾವನ್ನು ನಾನು ಹಾಗೆ ಬರೆದದ್ದು ಹೆದರಿಕೆಯಿಂದ. ಮೊದಲ ಸಾಲಿನಲ್ಲಿ "ಶನಿವಾರ ರಾತ್ರಿ ಸರ್ವಿಸ್ ನಿಲ್ಲುತ್ತೆ" ಅಂತ ಬರೆದರೆ, ಇಷ್ಟು ದಿನ ಯಾಕೆ ನೋಡಲಿಲ್ಲ ಅಂತ ಕೇಳ್ತಾರೆ. ಅದನ್ನು ನೋಡಿಕೊಳ್ಳಬೇಕಾದ ತಂಡದ ಮುಖ್ಯಸ್ಥನಿಗೆ ಬೇಜಾರಾಗುತ್ತೆ. ನಾನು ಗಾಬರಿ ಹುಟ್ಟಿಸೋ ಮನುಷ್ಯ ಅನ್ನಿಸಿಕೊಳ್ತೀನಿ. ಹಾಗಂತ ಬರೆಯದೇ ಬಿಟ್ಟರೆ ನಾಳೆ ನನ್ನ ತಲೆಗೇ ಬರುತ್ತೆ. ಹೇಳಿದ ಹಾಗೂ ಇರಬೇಕು, ಯಾರಿಗೂ ಕೇಳಿಸಲೂಬಾರದು.

ಬ್ಯಾಂಕಿನ ಕಾಗದವೂ ಇದೇ ಕುಲದ್ದು. ಅದು ಅಪ್ಪ ಓದಲಿ ಅಂತ ಬರೆದದ್ದಲ್ಲ. ನಾಳೆ ಅಪ್ಪ ಜಗಳಕ್ಕೆ ಬಂದರೆ "ತಿಳಿಸಿದ್ದೆವಲ್ಲ" ಅಂತ ತೋರಿಸೋಕೆ ಬರೆದದ್ದು.

ಇದರ ದೊಡ್ಡ ಉದಾಹರಣೆ ನಮ್ಮ ಕಾಲದಲ್ಲೇ ಇದೆ. 2003ರ ಜನವರಿ 16ರಂದು ಕೊಲಂಬಿಯಾ ಗಗನನೌಕೆ ಹಾರಿತು. ಕಲ್ಪನಾ ಚಾವ್ಲಾ ಅವರನ್ನೂ ಸೇರಿ ಅದರಲ್ಲಿ ಏಳು ಜನ. ಹಾರಿದ 82ನೇ ಸೆಕೆಂಡಿಗೆ ಹೊರಗಿನ ಇಂಧನ ಟ್ಯಾಂಕಿನಿಂದ ಫೋಮಿನ ಒಂದು ತುಂಡು ಕಿತ್ತು ಎಡ ರೆಕ್ಕೆಗೆ ಹೊಡೆಯಿತು. ಇದು ಮಾರನೇ ದಿನವೇ ವಿಡಿಯೋದಲ್ಲಿ ಕಂಡಿತು. ನೌಕೆ ಇನ್ನೂ ಮೇಲೆ ಸುತ್ತುತ್ತಿದ್ದಾಗಲೇ ಬೋಯಿಂಗಿನ ಎಂಜಿನಿಯರುಗಳು ಲೆಕ್ಕ ಹಾಕಿ, ನಾಸಾದವರಿಗೆ ಪವರ್‌ಪಾಯಿಂಟ್ ಸ್ಲೈಡುಗಳಲ್ಲಿ ವಿವರಿಸಿದರು. ಅವುಗಳಲ್ಲಿ ಒಂದು ಸ್ಲೈಡನ್ನು ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸ ಆಮೇಲೆ ಸಾಲು ಸಾಲಾಗಿ ಬಿಡಿಸಿ ವಿಮರ್ಶೆ ಮಾಡಿದ. ನನ್ನ ಪ್ರಕಾರ ಆಫೀಸ್ ಬರವಣಿಗೆಯ ಮೇಲೆ ಬಂದ ಅತ್ಯುತ್ತಮ ವಿಮರ್ಶೆ ಅದು. ಕವಿತೆಯನ್ನು ಓದುವಷ್ಟೇ ಗಮನ ಕೊಟ್ಟು ಓದಿದ್ದಾನೆ.

ಆ ಸ್ಲೈಡಿನ ತಲೆಬರಹ, ಪರೀಕ್ಷೆಗಳ ಮಾಹಿತಿ ನೋಡಿದರೆ ನಮ್ಮ ಅಂದಾಜು ಜಾಗರೂಕತೆಯ ಕಡೆಗೇ ಇದೆ ಅನ್ನೋ ಅರ್ಥ ಕೊಡುತ್ತೆ. ಓದಿದವರಿಗೆ ಸಮಾಧಾನ. ಕೆಳಗೆ ಬುಲೆಟ್ಟು, ಅದರೊಳಗೆ ಡ್ಯಾಶು, ಅದರೊಳಗೆ ಇನ್ನೂ ಚಿಕ್ಕ ಬುಲೆಟ್ಟು, ಹೀಗೆ ಇಳೀತಾ ಹೋಗುತ್ತೆ. "ಗಮನಾರ್ಹ" ಅನ್ನೋ ಅರ್ಥದ ಇಂಗ್ಲಿಷ್ ಪದ ಒಂದೇ ಸ್ಲೈಡಿನಲ್ಲಿ ಐದು ಸಲ ಬರುತ್ತೆ. ಎಷ್ಟು ಗಮನಾರ್ಹ ಅಂತ ಹೇಳಲ್ಲ. ಕಟ್ಟಕಡೆಯಲ್ಲಿ ಎರಡು ಸಾಲು: ಈಗ ಆಗಿರೋದು ನಮ್ಮ ಪರೀಕ್ಷೆಗಳ ವ್ಯಾಪ್ತಿಯಿಂದ ಆಚೆಗಿದೆ, ಅಲ್ಲಿ 3 ಘನ ಇಂಚು, ಇಲ್ಲಿ 1920. ಬೆಂಗಳೂರಿನ ಅಳತೆಯಲ್ಲಿ ಹೇಳ್ತೀನಿ. ಪರೀಕ್ಷೆ ಮಾಡಿದ ತುಂಡು ಬೈ-ಟು ಕಾಫಿಯ ಲೋಟದಷ್ಟು. ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು ಒಂದೂವರೆ ನೀರಿನ ಕ್ಯಾನಿನಷ್ಟು. 640 ಪಟ್ಟು! ಅಂದರೆ ನಮ್ಮ ಲೆಕ್ಕ ಇಲ್ಲಿಗೆ ಅನ್ವಯಿಸುತ್ತೋ ಇಲ್ಲವೋ ಹೇಳೋಕೆ ಆಗಲ್ಲ ಅಂತ ಅರ್ಥ. ಅದೇ ತಲೆಬರಹ ಆಗಬೇಕಿತ್ತು.

ಮೇಲಿನವರು ಸಮಾಧಾನಪಟ್ಟುಕೊಂಡರು. ಫೆಬ್ರವರಿ 1ರಂದು ವಾಪಸಾಗುವಾಗ ನೌಕೆ ಟೆಕ್ಸಾಸಿನ ಮೇಲೆ ಚೂರಾಯಿತು. ಸ್ಲೈಡು ನೆಟ್ಟಗಿದ್ದಿದ್ದರೆ ಅವರು ಬದುಕುತ್ತಿದ್ದರು ಅಂತ ನಾನು ಹೇಳ್ತಿಲ್ಲ. ಆ ಸ್ಲೈಡು ಮಾತಾಡಿದ್ದು ಮೈಮೇಲಿನ ಟೈಲುಗಳ ಬಗ್ಗೆ, ಪೆಟ್ಟು ಬಿದ್ದಿದ್ದು ರೆಕ್ಕೆಯ ಮುಂದಿನ ಅಂಚಿಗೆ. ಆದರೂ ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡನ್ನೇ ಎತ್ತಿ ತೋರಿಸಿ, ಇದನ್ನು ಓದಿದ ಹಿರಿಯ ಅಧಿಕಾರಿಗೆ ಜೀವಕ್ಕೆ ಅಪಾಯ ಇದೆ ಅಂತ ಅನ್ನಿಸದೇ ಇರೋದು ಸಹಜ ಅಂತ ಹೇಳಿತು.

ಇದಕ್ಕಿಂತ ನನ್ನನ್ನು ಕಾಡೋದು ಇನ್ನೊಂದು ಬರಹ. ರಾಡ್ನಿ ರೋಚಾ ಎಂಬ ನಾಸಾ ಎಂಜಿನಿಯರು, ರೆಕ್ಕೆಯ ಫೋಟೋ ತೆಗೆಸಲೇಬೇಕು ಅಂತ ಕೇಳಿ ಕೇಳಿ ಸೋತ ಮೇಲೆ ಒಂದು ಮೇಲ್ ಬರೆದ. ಫೋಟೋ ಬೇಡ ಅನ್ನೋದು ತಪ್ಪು ಉತ್ತರ, ಬೇಜವಾಬ್ದಾರಿಗೆ ಹತ್ತಿರದ್ದು ಅಂತ ನೇರವಾಗಿ ಬರೆದ. ಸುತ್ತುಬಳಸು ಇಲ್ಲ. ಆಮೇಲೆ ಅದನ್ನು ಪ್ರಿಂಟ್ ತೆಗೆದು ಸಹೋದ್ಯೋಗಿಗೆ ತೋರಿಸಿದ. ಮೇಲಿನವರಿಗೆ ಕಳಿಸಲೇ ಇಲ್ಲ. ಬರೆಯೋ ಕೌಶಲ ಅವನಿಗೆ ಇತ್ತು. ಕಳಿಸು ಅನ್ನೋ ಗುಂಡಿ ಒತ್ತೋಕೆ ಬೇಕಾದ್ದು ಅವನ ಆಫೀಸಿನಲ್ಲಿ ಸಿಗಲಿಲ್ಲ.

ನನ್ನ ಗೆಳೆಯನೊಬ್ಬ ಹೇಳ್ತಾನೆ, ಈಗ ಇದೆಲ್ಲ ಸಮಸ್ಯೆನೇ ಅಲ್ಲ ಗುರೂ, ಎರಡು ಸಾಲು ಹಾಕಿದ್ರೆ ಎಐ ಚೆನ್ನಾಗಿರೋ ಮೇಲ್ ಬರ್ಕೊಡುತ್ತೆ ಅಂತ. ನೋಡಿದೀನಿ. ಅವನು ಹಾಕೋ ಎರಡು ಸಾಲೇ ಚೆನ್ನಾಗಿರುತ್ತೆ. ಅದು ಎರಡು ಸಾಲನ್ನು ಎರಡು ಪ್ಯಾರಾ ಮಾಡುತ್ತೆ, ಓದುವವನು ಅದನ್ನು ಇನ್ನೊಂದು ಎಐಗೆ ಕೊಟ್ಟು ಮತ್ತೆ ಎರಡು ಸಾಲು ಮಾಡಿಸ್ತಾನೆ. ಆ ಮೊದಲ ಎರಡು ಸಾಲನ್ನೇ ಕಳಿಸೋ ಧೈರ್ಯ ಇದ್ದಿದ್ದರೆ ಕರೆಂಟಾದರೂ ಉಳೀತಿತ್ತು.

ಹಾಗಾದರೆ ನೀನೇನು ಮಾಡ್ತಿದೀಯಪ್ಪ ಅಂದರೆ, ದೊಡ್ಡದೇನೂ ಇಲ್ಲ. ಮೇಲ್ ಬರೆದ ಮೇಲೆ ಅಪ್ಪನ ಪ್ರಶ್ನೆ ಹಾಕಿಕೊಳ್ತೀನಿ. ಉತ್ತರ ಇರೋ ವಾಕ್ಯವನ್ನು ಹುಡುಕಿ, ಕಿತ್ತು, ಮೇಲಕ್ಕೆ ತಂದು ಇಡ್ತೀನಿ. ಅಲ್ಲಿ ಇಟ್ಟ ಕೂಡಲೇ ಅದರ "ಬಹುದು", "ಒಳ್ಳೆಯದು", "ಗಮನ ಹರಿಸುವುದು" ಎಲ್ಲ ನಾಚಿಕೆಯಿಲ್ಲದೆ ಕಾಣಿಸುತ್ತವೆ. ಐದನೇ ಪ್ಯಾರಾದ ಕತ್ತಲಲ್ಲಿ ಅವು ಮರ್ಯಾದಸ್ತರ ತರಹ ಕೂತಿರುತ್ತವೆ. ಯಾರು ಮಾಡಬೇಕು ಅನ್ನೋ ಕಡೆ ಹೆಸರು ಹಾಕ್ತೀನಿ. ಕೆಲವು ಸಲ ಅದು ನನ್ನದೇ ಹೆಸರು ಆಗಿಬಿಡುತ್ತೆ. ಆಗ ಮೇಲ್ ಕಳಿಸದೆ ಎದ್ದು ಹೋಗಿ ಕೆಲಸ ಮಾಡಬೇಕಾಗುತ್ತೆ, ಅದೊಂದು ತಾಪತ್ರಯ.

ಬ್ಯಾಂಕಿಗೆ ನನ್ನ ಒಂದು ಪುಟ ಹೋಗಲಿಲ್ಲ. ಮಾರನೇ ದಿನ ಅಪ್ಪನನ್ನು ಕರೆದುಕೊಂಡು ಹೋಗಿ ಸರ್ಟಿಫಿಕೇಟ್ ಮಾಡಿಸಿದೆ. ಅವರು ಜತೆಗೆ ಒಂದು ಪೋಸ್ಟ್‌ಕಾರ್ಡ್ ಹಾಕಿದರು, ಐವತ್ತು ಪೈಸೆದು, ಇನ್ನೂ ಒಂದಷ್ಟು ಇಟ್ಟಿದ್ದಾರೆ. "ಸ್ವಾಮಿ, ನಾನು ಬದುಕಿದ್ದೇನೆ. ನಿನ್ನೆ ಲೈಫ್ ಸರ್ಟಿಫಿಕೇಟ್ ಕೊಟ್ಟಿದ್ದೇನೆ. ಡಿಸೆಂಬರಿನ ಪಿಂಚಣಿಯನ್ನೂ ಸೇರಿಸಿ ಈ ತಿಂಗಳು ಹಾಕಿ. ಮುಂದಿನ ಸಲ ಕಾಗದದ ಮೊದಲ ಸಾಲಿನಲ್ಲೇ ತಾರೀಖು ಬರೆಯಿರಿ." ಕೆಳಗೆ ಸಹಿ, ಖಾತೆ ನಂಬರು. ದುಡ್ಡು ತಿಂಗಳ ಕೊನೆಗೆ ಬಂತು. ಅದು ಪೋಸ್ಟ್‌ಕಾರ್ಡಿನಿಂದ ಬಂತಾ, ಸರ್ಟಿಫಿಕೇಟಿನಿಂದ ಬಂತಾ ಅಂತ ನಮ್ಮ ಮನೆಯಲ್ಲಿ ಇನ್ನೂ ಚರ್ಚೆ ಇದೆ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಆ ಹುಡುಗಿಗೆ ಒಂದು ಮೇಲ್ ಬರೆದೆ. ಮೀಟಿಂಗಿನಲ್ಲಿದ್ದ ಎಲ್ಲರನ್ನೂ ಅದರಲ್ಲಿ ಸೇರಿಸಿದೆ. ಮೊದಲ ಸಾಲು: "ಅಕ್ಟೋಬರಿನಲ್ಲಿ ಸರ್ವಿಸ್ ಬಿದ್ದದ್ದಕ್ಕೆ ಕಾರಣ ನನ್ನ ಮೇಲ್, ಅದರಲ್ಲಿ ನಾನು ವಿಷಯ ಹೇಳಿರಲಿಲ್ಲ, ಮುಚ್ಚಿಟ್ಟಿದ್ದೆ." ಮೂರು ತಿಂಗಳು ತಡವಾಗಿತ್ತು. ಮೇಲಿನವರಲ್ಲಿ ಒಬ್ಬರು ಹೆಬ್ಬೆಟ್ಟಿನ ಚಿತ್ರ ಒತ್ತಿದರು. ಮಿಕ್ಕವರು ಏನೂ ಅನ್ನಲಿಲ್ಲ.

ಸಂಜೆ ಅವಳಿಂದ ಚಾಟಿನಲ್ಲಿ ಒಂದು ಮೆಸೇಜು ಬಂತು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ.

"ಸರ್, ಇದು ಅವತ್ತು ಮೀಟಿಂಗಿನ್ಯಾಗ ಹೇಳಬೇಕಿತ್ತರಿ."

ಓದಿದೆ. ಉತ್ತರಕ್ಕೆ ಅಂತ ನಾಲ್ಕು ಸಲ ಟೈಪ್ ಮಾಡಿ ನಾಲ್ಕು ಸಲವೂ ಅಳಿಸಿ, ಲ್ಯಾಪ್‌ಟಾಪ್ ಮುಚ್ಚಿ, ಅವಳು ಕೂರುವ ಕಡೆಗೆ ಹೋದೆ. ಅಷ್ಟೊತ್ತಿಗೆ ಕ್ಯಾಬಿಗೆ ಹೊರಟುಹೋಗಿದ್ದಳು.